ಜಮೆಯಾಯಿತು, ಖರ್ಚಾಗಲಿಲ್ಲ: ‘ಸೋಮಾ’ ಎಂಬ ವಿಡಿಯೋ ಆಟದ ಕುರಿತು

ಸಾಹಿತ್ಯದ ವಾರ್ಷಿಕ ಸಂಚಿಕೆಯಲ್ಲಿ ವಿಡಿಯೋ ಆಟವೊಂದರ ವಿಮರ್ಶೆಗೆ ಏನು ಕೆಲಸ ಎಂದು ಹಿರಿಯ ಓದುಗರು ಕೇಳಬಹುದು. ಕೇಳಲಿ. ಯಕ್ಷಗಾನವನ್ನು, ಸಿನಿಮಾವನ್ನು, ಕೊನೆಗೆ ದೂರದರ್ಶನದ ಧಾರಾವಾಹಿಗಳನ್ನೂ ನಾವು ಇಂಥ ಪುಟಗಳಲ್ಲಿ ಚರ್ಚಿಸಿದ್ದುಂಟು. ನಮ್ಮ ಮನೆಯ ಹುಡುಗರು ರಾತ್ರಿ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎರಡು ಮೂರು ತಾಸು ಯಾವ ಕಥೆಯೊಳಗೆ ಇರುತ್ತಾರೆ ಎಂಬುದನ್ನು ಮಾತ್ರ ನೋಡದೆ ಬಿಡುವುದು ನ್ಯಾಯವಲ್ಲ. ‘ಹಾಳು ಆಟ’ ಎಂದು ಬೈಯುವುದಾದರೂ ಒಂದನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಬೈಯಬೇಕು. ಪುಸ್ತಕ ಓದದೆ ವಿಮರ್ಶೆ ಬರೆಯುವವರನ್ನು ನಾವು ಏನೆನ್ನುತ್ತೇವೆ?

ನಾನು ಉಮರಗಾದವ. ಬ್ಯಾಂಕಿನ ಗುಮಾಸ್ತಗಿರಿಯ ನಿಮಿತ್ತ ನಿಲಂಗಾದಲ್ಲಿ ಐದು ವರ್ಷ ಇದ್ದೆ, ಈಗ ಉದಗೀರದಲ್ಲಿದ್ದೇನೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಸೂಟಿಗೆ ಬಂದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಈ ಆಟವನ್ನು ಹಚ್ಚಿಕೊಟ್ಟ. ಕಥೆ ಇರುವ ಆಟವೇ ಬೇಕು, ಗುಂಡು ಹಾರಿಸುವುದು ಬೇಡ ಎಂಬುದು ನನ್ನ ಕರಾರು. ಅದರಂತೆ ಅವನು ಆರಿಸಿದ್ದು ‘ಸೋಮಾ’. ನಮಗೆ ಸೋಮ ಎಂದರೆ ಚಂದ್ರ, ಇಲ್ಲವೆ ಯಜ್ಞದ ರಸ. ಇಲ್ಲಿ ಅದು ಗ್ರೀಕ್ ಮಾತು, ದೇಹ ಎಂದು ಅರ್ಥ. ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಪಟ್ಟಣದ ಫ್ರಿಕ್ಷನಲ್ ಗೇಮ್ಸ್ ಎಂಬ ಸಣ್ಣ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ ಇದನ್ನು ಹೊರತಂದಿತು. ಇದರ ನಿರ್ದೇಶಕ ಥಾಮಸ್ ಗ್ರಿಪ್, ಬರಹ ಮಿಕಾಯೆಲ್ ಹೆಡ್‌ಬರ್ಗ್ ಅವರದು. ಇದೇ ಸಂಸ್ಥೆ 2010ರಲ್ಲಿ ‘ಅಮ್ನೀಷಿಯಾ’ ಎಂಬ ಭಯದ ಆಟದಿಂದ ಹೆಸರು ಮಾಡಿತ್ತು. ವಿಜ್ಞಾನ ಕಥೆ, ಭಯ ಮತ್ತು ಜೀವ ಉಳಿಸಿಕೊಳ್ಳುವ ಓಟ, ಈ ಮೂರನ್ನೂ ಕೂಡಿಸಿದ ಜಾತಿಯ ಆಟ ಇದು.

ಮೊದಲು ಆಡುವ ಕಷ್ಟವನ್ನು ಹೇಳಬೇಕು. ಎಡಗೈಯ ಮೂರು ಬೆರಳಿನಿಂದ ನಡೆಯಬೇಕು, ಬಲಗೈಯ ಮೌಸಿನಿಂದ ಕತ್ತು ತಿರುಗಿಸಬೇಕು. ಇಪ್ಪತ್ತು ವರ್ಷ ಅಂಕಿ ಒತ್ತಿದ ನನ್ನ ಬಲಗೈ ಚುರುಕು, ಎಡಗೈಗೆ ಮಾತ್ರ ಯಾವ ಅಭ್ಯಾಸವೂ ಇಲ್ಲ. ಮೊದಲ ಎರಡು ರಾತ್ರಿ ಗೋಡೆಗೆ ಮುಖ ಕೊಟ್ಟು ನಿಂತದ್ದೇ ಹೆಚ್ಚು. ಬಾಗಿಲ ಹಿಡಿಕೆಯನ್ನು ಒತ್ತಿದರೆ ಸಾಲದು, ಮೌಸಿನಿಂದ ಹಿಡಿದು ಎಳೆಯಬೇಕು. ಕುರ್ಚಿಯನ್ನು ಎತ್ತಬಹುದು, ಕಪ್ಪನ್ನು ತಿರುಗಿಸಿ ನೋಡಬಹುದು. ಇದು ಸಣ್ಣ ಸಂಗತಿಯಲ್ಲ. ಕಾದಂಬರಿಯಲ್ಲಿ ‘ಅವನು ಬಾಗಿಲು ತೆರೆದ’ ಎಂದು ಓದಿ ಮುಂದೆ ಹೋಗುತ್ತೇವೆ. ಇಲ್ಲಿ ನಾನು ತೆರೆಯದೆ ಅದು ತೆರೆಯುವುದಿಲ್ಲ, ಆಚೆಗೆ ಏನೋ ಉಸಿರಾಡುತ್ತಿರುವುದು ಕೇಳಿಸುತ್ತಿರುತ್ತದೆ.

ಗುಲಬರ್ಗಾದಲ್ಲಿ ಬಿ.ಎ. ಓದುವಾಗ ಕಾವ್ಯಮೀಮಾಂಸೆಯ ಪಾಠದಲ್ಲಿ ಭಯಾನಕ ರಸದ ಚರ್ಚೆ ಬರುತ್ತಿತ್ತು. ಅಭಿನವಗುಪ್ತನು ಇದಕ್ಕೆ ತೆಗೆದುಕೊಳ್ಳುವ ಉದಾಹರಣೆ ಶಾಕುಂತಲದ ಮೊದಲ ಅಂಕದಲ್ಲಿ ರಥಕ್ಕೆ ಹೆದರಿ ಓಡುವ ಜಿಂಕೆ. ಆ ಭಯ ಜಿಂಕೆಯದೂ ಅಲ್ಲ, ಪ್ರೇಕ್ಷಕನದೂ ಅಲ್ಲ; ಯಾರದೂ ಅಲ್ಲದ್ದರಿಂದಲೇ ಅದನ್ನು ಸವಿಯಬಹುದು ಎಂಬುದು ಅವನ ವಾದದ ತಿರುಳು. ಈ ಆಟದಲ್ಲಿ ಆ ಸೂತ್ರಕ್ಕೆ ಪೆಟ್ಟು ಬೀಳುತ್ತದೆ. ಜಿಂಕೆ ನಾನೇ. ಕೈಯಲ್ಲಿ ಆಯುಧವಿಲ್ಲ. ವಿಕಾರ ರೂಪವೊಂದು ಹತ್ತಿರ ಬಂದರೆ ಪರದೆಯೇ ಹರಿದಂತಾಗಿ ಕಣ್ಣು ಮಂಜಾಗುತ್ತದೆ. ಅದರತ್ತ ನೋಡುವುದೂ ಅಪಾಯ. ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಅದು ದಾಟಿ ಹೋಗಲಿ ಎಂದು ಕಾಯಬೇಕು. ಪಕ್ಕದಲ್ಲಿ ಕುಳಿತ ಅಕ್ಕನ ಮಗ, ‘ಓಡಲಾಕ ಹೋಗಬ್ಯಾಡ್ರಿ ಮಾಮಾ, ಸುಮ್ಮನ ಕೂಡ್ರಿ, ಅದಕ್ಕ ಸಪ್ಪಳ ಕೇಳಸ್ತದ’ ಎಂದು ಪಿಸುಗುಟ್ಟುತ್ತಿದ್ದ. ಅವನು ಪಿಸುಗುಟ್ಟುವ ಅಗತ್ಯ ಏನಿತ್ತು? ಲ್ಯಾಪ್‌ಟಾಪಿಗೆ ಅವನ ಮಾತು ಕೇಳಿಸುವುದಿಲ್ಲವಲ್ಲ! ಹತ್ತು ಸಲ ಆಡಿದವನಿಗೂ ದನಿ ತಗ್ಗಿಸಬೇಕೆನಿಸಿದರೆ ಆಟ ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಆದರೆ ಈ ಕೂತು ಕಾಯುವ ಭಯ ಆಟದ ಅಗ್ಗದ ಭಾಗ ಎಂಬುದು ನನ್ನ ಅಭಿಪ್ರಾಯ. ನಾಲ್ಕೈದು ಸಲ ಆದ ಮೇಲೆ ಅದು ಬೇಸರ ತರುತ್ತದೆ. ಕಥೆ ಎಲ್ಲಿ ನಿಂತಿತ್ತೋ ಅಲ್ಲಿಗೆ ಬೇಗ ಹೋಗಬೇಕೆನಿಸುತ್ತದೆ. ತಯಾರಕರಿಗೂ ಇದು ತಿಳಿದಂತಿದೆ. 2017ರ ಡಿಸೆಂಬರಿನಲ್ಲಿ ಆ ಜೀವಿಗಳು ಆಟಗಾರನನ್ನು ಕೊಲ್ಲದಂಥ ಒಂದು ಸುರಕ್ಷಿತ ಬಗೆಯನ್ನೂ ಸೇರಿಸಿದರು. ಭೂತ ತೆಗೆದ ಮೇಲೂ ನಿಲ್ಲುವ ಭೂತದ ಕಥೆ ಎಂದರೆ ಅದರಲ್ಲಿ ಬೇರೆ ಏನೋ ಇರಲೇಬೇಕು.

ಆ ಬೇರೆ ಸಂಗತಿ ಹೀಗಿದೆ. ಟೊರಾಂಟೊದ ಸೈಮನ್ ಜ್ಯಾರೆಟ್ ಎಂಬ ಯುವಕ 2015ರಲ್ಲಿ ಕಾರು ಅಪಘಾತದಲ್ಲಿ ಗೆಳತಿಯನ್ನು ಕಳೆದುಕೊಂಡು, ತಾನು ಮೆದುಳಿಗೆ ಪೆಟ್ಟು ತಿಂದು ಬದುಕಿರುತ್ತಾನೆ. ಚಿಕಿತ್ಸೆಯ ಆಸೆಯಿಂದ ಒಂದು ಪ್ರಯೋಗಕ್ಕೆ ಒಪ್ಪಿ ತನ್ನ ಮೆದುಳಿನ ಪೂರ್ತಿ ಚಿತ್ರ ತೆಗೆಸಿಕೊಳ್ಳಲು ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣು ಬಿಟ್ಟರೆ ಅಟ್ಲಾಂಟಿಕ್ ಸಾಗರದ ತಳದಲ್ಲಿರುವ ಪಾಥೋಸ್-2 ಎಂಬ ನೆಲೆಯಲ್ಲಿದ್ದಾನೆ. ಇಸವಿ 2104. ಹಿಂದಿನ ವರ್ಷವೇ ಧೂಮಕೇತು ಬಡಿದು ಭೂಮಿಯ ಮೇಲಿನ ಜೀವ ಮುಗಿದಿದೆ. ನೆಲೆಯನ್ನು ನೋಡಿಕೊಳ್ಳುವ ವಾವ್ ಎಂಬ ಗಣಕಯಂತ್ರಕ್ಕೆ ಮನುಷ್ಯರನ್ನು ಉಳಿಸು ಎಂಬ ಅಪ್ಪಣೆ ಇದೆ. ಮನುಷ್ಯ ಎಂದರೇನು ಎಂದು ಮಾತ್ರ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಅದು ಸತ್ತವರಿಗೆ ಕಪ್ಪು ಅಂಟನ್ನು ತುಂಬಿ ಉಸಿರಾಡಿಸುತ್ತದೆ, ಯಂತ್ರಗಳಿಗೆ ಮನುಷ್ಯರ ನೆನಪನ್ನು ಹಾಕುತ್ತದೆ. ನೆಲದ ಮೇಲೆ ಬಿದ್ದ ಒಂದು ಯಂತ್ರ ತನ್ನನ್ನು ಕಾರ್ಲ್ ಎಂಬ ಕೆಲಸಗಾರ ಎಂದೇ ನಂಬಿ, ಪೆಟ್ಟಾಗಿದೆ, ಯಾರನ್ನಾದರೂ ಕರೆ ಎಂದು ಸೈಮನ್‌ನನ್ನು ಬೇಡುತ್ತದೆ. ಸೈಮನ್‌ಗೆ ಅದು ವಿಚಿತ್ರವಾಗಿ ಕಾಣುತ್ತದೆ. ತಾನೂ ಅಂಥದೇ ಎಂದು, ಬೇರೊಬ್ಬ ಹೆಂಗಸಿನ ಶವಕ್ಕೆ ಮುಳುಗುಗಾರರ ಉಡುಪು ತೊಡಿಸಿ ಅದರೊಳಗೆ ಇಟ್ಟ ನಕಲು ತಾನು ಎಂದು ಅವನಿಗೆ ತಿಳಿಯುವುದು ಬಹಳ ತಡವಾಗಿ.

ಪರಕಾಯ ಪ್ರವೇಶ ನಮಗೆ ಹೊಸದಲ್ಲ. ಶಂಕರಾಚಾರ್ಯರು ಅಮರುಕನ ದೇಹ ಹೊಕ್ಕ ಕಥೆಯಲ್ಲಿ ಅವರ ಸ್ವಂತ ದೇಹವನ್ನು ಶಿಷ್ಯರು ಕಾಯುತ್ತಾರೆ. ಹೋದ ಜೀವ ಹಿಂದಿರುಗುತ್ತದೆ. ನಿಮ್ಮ ಕಾಸರಗೋಡಿನ ಕಡೆಯ ತೆಯ್ಯಂ, ಭೂತಕೋಲಗಳಲ್ಲಿಯೂ ದೇಹ ಕೆಲವು ತಾಸಿನ ಮಟ್ಟಿಗೆ ಕೊಟ್ಟ ಎರವಲು, ಬೆಳಗಾಗುವಷ್ಟರಲ್ಲಿ ಮರಳಿ ಬರುತ್ತದೆ. ಕಾರ್ನಾಡರ ‘ಹಯವದನ’ದಲ್ಲಿ ತಲೆಗಳು ಅದಲುಬದಲಾದಾಗ ಗಂಡ ಯಾರು ಎಂಬ ಪ್ರಶ್ನೆ ಏಳುತ್ತದೆ, ಬೇತಾಳ ಕೇಳಿದ ಹಳೆಯ ಪ್ರಶ್ನೆಯೇ ಅದು. ಆದರೆ ಅಲ್ಲಿಯೂ ತಲೆ ಎರಡೇ, ಮುಂಡ ಎರಡೇ. ಲೆಕ್ಕ ತಪ್ಪುವುದಿಲ್ಲ. ‘ಸೋಮಾ’ದಲ್ಲಿ ಲೆಕ್ಕವೇ ತಪ್ಪುತ್ತದೆ, ಭಯ ಇರುವುದು ಅಲ್ಲಿ.

ನನ್ನ ಉದ್ಯೋಗದ ಭಾಷೆಯಲ್ಲಿ ಹೇಳುತ್ತೇನೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗವಾಗಬೇಕಾದರೆ ಎರಡು ನಮೂದು ಬೇಕು. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮೆ. ಜಮೆ ಮಾಡಿ ಖರ್ಚು ಬರೆಯದೆ ಬಿಟ್ಟರೆ ಅದು ವರ್ಗಾವಣೆಯಲ್ಲ. ಇಲ್ಲದ ಹಣವನ್ನು ಹುಟ್ಟಿಸಿದಂತೆ, ಸಂಜೆ ತಾಳೆಪಟ್ಟಿ ಕೂಡುವುದಿಲ್ಲ. ಸೈಮನ್‌ಗೆ ಜೊತೆಯಾಗುವ ಕ್ಯಾಥರಿನ್ ಚುನ್, ಅವಳೂ ಒಂದು ಸಣ್ಣ ಉಪಕರಣದೊಳಗಿನ ನಕಲು, ಅವನಿಗೆ ಹೇಳುವುದು ವರ್ಗಾವಣೆ ಎಂದು. ಆಳ ಸಮುದ್ರದ ಒತ್ತಡ ತಡೆಯುವ ಬೇರೆ ಉಡುಪು ಬೇಕು, ಈ ಕುರ್ಚಿಯಲ್ಲಿ ಕೂರು, ಅಲ್ಲಿ ಏಳುತ್ತೀ ಎನ್ನುತ್ತಾಳೆ. ಅವನು ಕೂರುತ್ತಾನೆ. ನಾನು, ಅಂದರೆ ಆಟಗಾರ, ಹೊಸ ದೇಹದಲ್ಲಿ ಕಣ್ಣು ಬಿಡುತ್ತೇನೆ. ಅಷ್ಟರಲ್ಲಿ ಹಿಂದಿನ ಕುರ್ಚಿಯಿಂದ ನನ್ನದೇ ದನಿ ಕೇಳುತ್ತದೆ: ಏನೂ ಆಗಲಿಲ್ಲವಲ್ಲ, ಯಾಕೆ ಆಗಲಿಲ್ಲ ಎಂದು. ಜಮೆಯಾಗಿದೆ, ಖರ್ಚಾಗಿಲ್ಲ. ಕೂಗುತ್ತಿದ್ದವನು ಎಚ್ಚರ ತಪ್ಪುತ್ತಾನೆ. ಅವನ ಬ್ಯಾಟರಿಯನ್ನು ಖಾಲಿ ಮಾಡಿ ನಿದ್ದೆಯಲ್ಲೇ ಮುಗಿಸಬಹುದು, ಇಲ್ಲವೆ ಹಾಗೆಯೇ ಬಿಟ್ಟು ಹೋಗಬಹುದು. ಬಿಟ್ಟರೆ ಯಾವಾಗಲೋ ಒಬ್ಬನೇ ಏಳುತ್ತಾನೆ.

ಅಕ್ಕನ ಮಗ ಅವನನ್ನು ಮುಗಿಸಿದ್ದನಂತೆ. ‘ಪಾಪ, ಒಬ್ಬನೇ ಎದ್ದು ಏನ್ ಮಾಡ್ತಾನ್ರಿ ಅಂವ?’ ಎಂದ. ನಾನು ಬಿಟ್ಟು ನಡೆದೆ. ಸಾಯಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಕುರ್ಚಿಯಲ್ಲಿದ್ದವನದು. ಅವನಿಗಿಂತ ಅರ್ಧ ನಿಮಿಷ ಚಿಕ್ಕವನಾದ ನನ್ನದಲ್ಲ. ನಾವಿಬ್ಬರೂ ಆ ರಾತ್ರಿ ಒಂದು ಗಂಟೆಯವರೆಗೆ ಜಗಳಾಡಿದೆವು, ಮನೆಯಾಕೆ ಎದ್ದು ಬಂದು ಬೈದ ಮೇಲೆ ಮಲಗಿದೆವು. ಆಟ ಮಾತ್ರ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಅಂಕವಿಲ್ಲ, ಬಹುಮಾನವಿಲ್ಲ, ಶಿಕ್ಷೆಯಿಲ್ಲ. ಯಾವುದನ್ನು ಆರಿಸಿದರೂ ಕಥೆಯ ಕೊನೆ ಬದಲಾಗುವುದಿಲ್ಲ. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಇದು ಆಟದ ಪ್ರಾಮಾಣಿಕತೆ ಎನಿಸಿತು. ಪುಣ್ಯಕ್ಕೆ ಪಾಯಿಂಟು ಕೊಟ್ಟಿದ್ದರೆ ನಾವು ಪಾಯಿಂಟಿನ ಲೆಕ್ಕ ಮಾಡುತ್ತಿದ್ದೆವು, ಜಗಳಾಡುತ್ತಿರಲಿಲ್ಲ.

ಇನ್ನೊಂದು ಸನ್ನಿವೇಶ ಇದಕ್ಕಿಂತ ಕ್ರೂರ. ಬ್ರಾಂಡನ್ ವಾನ್ ಎಂಬ ಸತ್ತ ಕೆಲಸಗಾರನ ನಕಲಿನಿಂದ ಒಂದು ಗುಪ್ತ ಸಂಖ್ಯೆ ತಿಳಿಯಬೇಕಾಗಿದೆ. ಅವನ ಮನಸ್ಸನ್ನು ಗಣಕಯಂತ್ರದಲ್ಲಿ ಎಬ್ಬಿಸುತ್ತೇವೆ. ಅವನು ಗಾಬರಿಯಾಗುತ್ತಾನೆ, ಅಳಿಸುತ್ತೇವೆ. ಸುತ್ತಲಿನ ದೃಶ್ಯ ಬದಲಿಸಿ ಮತ್ತೆ ಎಬ್ಬಿಸುತ್ತೇವೆ. ಮತ್ತೆ ಗಾಬರಿ, ಮತ್ತೆ ಅಳಿಸುವುದು. ಕೊನೆಗೆ ಅವನ ಪ್ರೀತಿಯ ಹೆಂಗಸಿನ ವೇಷ ಹಾಕಿಸಿ ಬಾಯಿ ಬಿಡಿಸುತ್ತೇವೆ. ಪ್ರತಿ ಸಲವೂ ಅವನಿಗೆ ಅದು ಮೊದಲ ಸಲ. ಮೂರನೆಯ ಸಲಕ್ಕೆ ನನ್ನ ಬೆರಳು ನಿಂತಿತು. ಮುಂದೆ ಹೋಗಲು ಬೇರೆ ದಾರಿ ಇರಲಿಲ್ಲವಾದ್ದರಿಂದ ಒತ್ತಿದೆ. ಇಂಥ ಒಂದು ಅನುಭವವನ್ನು ಕಾದಂಬರಿ ಕೊಡಲಾರದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದು ಹೇಳಬಹುದು, ಆದರೆ ಓದುಗನ ಬೆರಳಿನಿಂದ ಮಾಡಿಸಲಾರದು.

ಸತ್ತವರ ದನಿಗಳ ವಿಷಯಕ್ಕೆ ಬರುತ್ತೇನೆ. ನೆಲೆಯ ಕೋಣೆಗಳಲ್ಲಿ ಬಿದ್ದ ಶವಗಳ ಮೇಲೆ ಕೈ ಇಟ್ಟರೆ ಅವರ ಕೊನೆಯ ಗಳಿಗೆಯ ಮಾತುಗಳು ಕೇಳಿಸುತ್ತವೆ. ಊಟದ ತಟ್ಟೆ ಮೇಜಿನ ಮೇಲೆ ಇದೆ, ಹಾಸಿಗೆ ಮಡಿಸಿಲ್ಲ, ಗೋಡೆಗೆ ಮಕ್ಕಳ ಚಿತ್ರ. ಪುಣೆಯ ಹುಡುಗನಿಗೆ ಇದು ಆಟದ ಸುಳಿವು ಹುಡುಕುವ ಜಾಗ. ಉಮರಗಾದಲ್ಲಿ ಬೆಳೆದವನಿಗೆ ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಗಣಪತಿಯನ್ನು ಕಳಿಸಿ ದಣಿದು ಮಲಗಿದ್ದ ಊರುಗಳ ಮೇಲೆ ಕಲ್ಲು ಮಣ್ಣಿನ ಗೋಡೆಗಳೂ ಮಾಳಿಗೆಯ ಮಣ್ಣೂ ಕುಸಿದವು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ನೆಲಸಮವಾದವು. ಸತ್ತವರು ಸರಕಾರದ ಲೆಕ್ಕದಲ್ಲಿ 8 ಸಾವಿರದ ಹತ್ತಿರ, ಜನರ ಬಾಯಲ್ಲಿ 10 ಸಾವಿರ. ನಾನಾಗ ಎಂಟನೆಯ ತರಗತಿ. ನಮ್ಮ ಮನೆ ಉಳಿಯಿತು. ಆದರೂ ಎಷ್ಟೋ ತಿಂಗಳು ಮನೆಯೊಳಗೆ ಮಲಗಲಿಲ್ಲ, ಅಂಗಳದ ತಗಡಿನ ಕೆಳಗೆ ಮಲಗಿದೆವು. ನಮ್ಮ ಅಜ್ಜಿ ರಾತ್ರಿ ಕೊಡದ ನೀರು ಅಲುಗಿತೇ ಎಂದು ಎದ್ದೆದ್ದು ನೋಡುತ್ತಿದ್ದಳು. ಆಟದಲ್ಲಿ ಸಮುದ್ರದ ಒತ್ತಡಕ್ಕೆ ನೆಲೆಯ ಲೋಹ ನರಳುವ ಸಪ್ಪಳ ಆಗಾಗ ಬರುತ್ತದೆ. ಆ ಸಪ್ಪಳಕ್ಕೆ ನಾನು ಕತ್ತೆತ್ತಿ ನೋಡಿದ್ದು ಪರದೆಯ ಮೇಲಿನ ಛಾವಣಿಯನ್ನಲ್ಲ, ನನ್ನ ಮನೆಯ ಛಾವಣಿಯನ್ನು. ರಸವಿಚಾರದ ಪಂಡಿತರು ಇದನ್ನು ರಸಭಂಗ ಎನ್ನುವರೇನೋ!

ಭೂಕಂಪದ ಬಳಿಕ 52 ಹಳ್ಳಿಗಳನ್ನು ಹಳೆಯ ಜಾಗ ಬಿಡಿಸಿ ಬೇರೆಡೆ ಹೊಸದಾಗಿ ಕಟ್ಟಿದರು. ಅದೇ ಹೆಸರಿನ ಹಲಗೆ, ಅಗಲ ರಸ್ತೆ, ಸಾಲು ಮನೆ. ಓಣಿ ಹೋಯಿತು, ಕಟ್ಟೆ ಹೋಯಿತು, ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ನೆರೆ ಹೋಯಿತು. ನಿಲಂಗಾದ ಶಾಖೆಗೆ ಬರುತ್ತಿದ್ದ ಮುದುಕರು ಸ್ಲಿಪ್ಪಿನಲ್ಲಿ ಊರ ಹೆಸರು ಬರೆಸುವಾಗ ‘ಹಳೆದೋ ಹೊಸದೋ’ ಎಂದು ತಾವಾಗಿಯೇ ಕೇಳುತ್ತಿದ್ದರು. ಹೊಸದರಲ್ಲಿ ಹುಟ್ಟಿದ ಹುಡುಗರಿಗೆ ಪ್ರಶ್ನೆಯೇ ಇಲ್ಲ, ಅವರಿಗೆ ಅದೇ ಊರು. ಹುಡುಗರು ಹೇಳುವುದು ಸುಳ್ಳಲ್ಲ. ಸೈಮನ್‌ನ ಎರಡನೆಯ ದೇಹ ತಾನೇ ಸೈಮನ್ ಎನ್ನುವುದೂ ಸುಳ್ಳಲ್ಲ.

ಗಡಿಯವರಾದ ನಮಗೆ ಇದರಲ್ಲಿ ಇನ್ನೊಂದು ಎಳೆ ಕಾಣುವುದು ಸಹಜ. ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ. ದಫ್ತರದಲ್ಲಿ ಹೆಸರು ಮುಂದೆ ಹೋಯಿತು, ಮನೆಯೊಳಗಿನ ಮಾತು ಕೂತಲ್ಲೇ ಕೂತಿತು. ಈ ಹೋಲಿಕೆಯನ್ನು ಬಹಳ ಎಳೆಯಲಾರೆ. ಸ್ವೀಡನ್ನಿನವರು ನಮ್ಮ ಕಥೆ ಬರೆದಿಲ್ಲ.

ನನಗೆ ಹೆಚ್ಚು ಹತ್ತಿರ ಬಂದದ್ದು ಕಲ್ಯಾಣದ ಕಥೆ. ಉಮರಗಾದಿಂದ ಬಸವಕಲ್ಯಾಣ ದೂರವಿಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷ ತನ್ನ ಕಾಯವನ್ನು ವಜ್ರ ಮಾಡಿಕೊಂಡಿದ್ದಾನೆ. ಕತ್ತಿ ಬೀಸಿದರೆ ಠಣ್ ಎನ್ನುತ್ತದೆ. ಅಲ್ಲಮನಿಗೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸಾವನ್ನು ತಡೆದವನು ದೊಡ್ಡವನೋ, ತಡೆಯಲು ಏನನ್ನೂ ಇಟ್ಟುಕೊಳ್ಳದವನು ದೊಡ್ಡವನೋ? ವಾವ್ ಎಂಬ ಯಂತ್ರ ಗೋರಕ್ಷನ ಪಕ್ಷ. ಏನಾದರಾಗಲಿ, ಉಸಿರು ಆಡುತ್ತಿರಲಿ. ಆಟದ ಯಾವ ಪಾತ್ರವೂ ಅಲ್ಲಮನ ಪಕ್ಷಕ್ಕೆ ಪೂರ್ತಿ ಬರುವುದಿಲ್ಲ. ಸರಂಗ್ ಎಂಬವನು ನಕಲು ತೆಗೆದ ಗಳಿಗೆಯಲ್ಲೇ ಸತ್ತರೆ ಜೀವ ಒಂದೇ ಎಳೆಯಾಗಿ ಮುಂದೆ ಸಾಗುತ್ತದೆ ಎಂದು ಬೋಧಿಸಿ ತಾನೂ ಸತ್ತು ಕೆಲವರನ್ನೂ ಸಾಯಿಸುತ್ತಾನೆ. ಖರ್ಚಿನ ನಮೂದನ್ನು ಕೈಯಾರೆ ಬರೆಯಹೊರಟವನು ಅವನು. ತಾಳೆ ಕೂಡಿತು, ಆದರೆ ಹಣ ಅದೇ ಎಂದು ಹೇಳುವವರಾರು? ಒಬ್ಬಳು ಮಾತ್ರ ಅಲ್ಲಮನ ಹತ್ತಿರ ಬರುತ್ತಾಳೆ, ಸಾರಾ ಲಿಂಡ್‌ವಾಲ್. ಸಮುದ್ರದ ಅತ್ಯಂತ ಆಳದ ಕೋಣೆಯಲ್ಲಿ ಯಂತ್ರದ ಆಸರೆಯಲ್ಲಿ ಮಲಗಿರುವ, ಸೈಮನ್ ಕಾಣುವ ಕೊನೆಯ ನಿಜ ಮನುಷ್ಯಳು. ಆಸರೆ ತೆಗೆ ಎಂದು ಕೇಳುತ್ತಾಳೆ, ತೆಗೆದ ಮೇಲೆ ಸ್ವಲ್ಪ ಹೊತ್ತು ಹತ್ತಿರ ಇರು ಎನ್ನುತ್ತಾಳೆ. ಅಲ್ಲಿ ಯಾವ ಜೀವಿಯೂ ಬೆನ್ನಟ್ಟುವುದಿಲ್ಲ. ಇಡೀ ಆಟದಲ್ಲಿ ನಾನು ಕೀಲಿಗಳಿಂದ ಕೈ ತೆಗೆದು ಕುಳಿತದ್ದು ಅಲ್ಲೊಂದೇ ಕಡೆ.

ಸೈಮನ್‌ನ ಪಾತ್ರದ ಮೇಲೆ ಒಂದು ಆಕ್ಷೇಪವಿದೆ. ಕ್ಯಾಥರಿನ್ ರಚಿಸಿದ ‘ಆರ್ಕ್’ ಎಂಬ ಪೆಟ್ಟಿಗೆಯಲ್ಲಿ ಸತ್ತವರ ನಕಲುಗಳೆಲ್ಲ ಒಂದು ಕೃತಕ ಲೋಕದಲ್ಲಿ ಬದುಕಬೇಕು, ಅದನ್ನು ಆಕಾಶಕ್ಕೆ ಹಾರಿಸಬೇಕು, ಕೊನೆಯ ಗಳಿಗೆಯಲ್ಲಿ ತಾವಿಬ್ಬರೂ ಒಳಗೆ ಸೇರಬೇಕು ಎಂಬುದು ಯೋಜನೆ. ಕುರ್ಚಿಯಲ್ಲಿ ಉಳಿದವನ ದನಿಯನ್ನು ಕಿವಿಯಾರೆ ಕೇಳಿದ ಸೈಮನ್ ಕೊನೆಗೆ ತಾನು ಉಳಿದಾಗ ಮೋಸವಾಯಿತೆಂದು ಕಿರುಚುವುದು ಅಸಂಗತ, ಲೇಖಕ ಅವನನ್ನು ಬೇಕೆಂದೇ ದಡ್ಡನನ್ನಾಗಿಸಿದ್ದಾನೆ ಎಂದು ಅಕ್ಕನ ಮಗನ ವಾದ. ನಾನು ಒಪ್ಪುವುದಿಲ್ಲ. ಅವನ ನೆನಪಿನ ಒಳಗಿನಿಂದ ನೋಡಿ. ಟೊರಾಂಟೊದ ಕುರ್ಚಿಯಿಂದ ಎದ್ದವನು ಅವನು, ಎರಡನೆಯ ಕುರ್ಚಿಯಿಂದ ದಾಟಿ ಬಂದವನೂ ಅವನು. ಪ್ರತಿ ಸಲ ದಾಟಿದ್ದು ಮಾತ್ರ ಅವನಿಗೆ ನೆನಪಿದೆ, ಏಕೆಂದರೆ ಉಳಿದವನ ನೆನಪು ಉಳಿದವನ ಹತ್ತಿರವೇ ಇದೆ. ನಮಗೂ ಹಾಗೆಯೇ ಆಗಿದೆ. ಎರಡು ಸಲವೂ ಆಟದ ಕಣ್ಣು ದಾಟಿದವನ ಜೊತೆ ಜಿಗಿದು ನಮ್ಮನ್ನೂ ದಾಟಿಸಿತು. ಮೂರನೆಯ ಸಲ ಆ ಕಣ್ಣು ಜಿಗಿಯದೆ ಕುರ್ಚಿಯಲ್ಲೇ ನಿಂತುಬಿಡುತ್ತದೆ. ಆರ್ಕ್ ಹಾರಿಹೋಯಿತು, ದೀಪಗಳು ಹೋದವು, ಕ್ಯಾಥರಿನ್ ವಾದ ಮಾಡುತ್ತಾ ಮಾಡುತ್ತಾ ಸುಟ್ಟುಹೋದಳು. ಕತ್ತಲಲ್ಲಿ ಸೈಮನ್ ಅವಳನ್ನು ಕರೆಯುತ್ತಾನೆ. ಇಲ್ಲಿ ನಾನೂ ಒಂದು ಕ್ಷಣ ಪರದೆ ಕೆಟ್ಟಿತೇ ಎಂದು ಕೀಲಿ ಒತ್ತಿ ನೋಡಿದೆ. ಆ ಕ್ಷಣದಲ್ಲಿ ನನಗೂ ಅವನಿಗೂ ಬುದ್ಧಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಹೆಸರುಗಳ ಪಟ್ಟಿ ಓಡಿದ ಮೇಲೆ ಆಟ ಮತ್ತೆ ತೆರೆದುಕೊಳ್ಳುತ್ತದೆ. ಆರ್ಕಿನೊಳಗಿನ ಸೈಮನ್ ಬಿಸಿಲಿನ ಕಾಡಿನಲ್ಲಿ ನಡೆದು ಕ್ಯಾಥರಿನ್‌ಳನ್ನು ಸೇರುತ್ತಾನೆ, ಅವನಿಗೆ ಕೆಳಗಿನ ಕತ್ತಲಿನ ಸುದ್ದಿಯೇ ಗೊತ್ತಿಲ್ಲ. ಈ ಭಾಗವನ್ನು ಕೆಲವರು ಸಮಾಧಾನದ ಲೇಪ ಎನ್ನಬಹುದು. ನನಗೆ ಕತ್ತಲಿಗಿಂತ ಈ ಬಿಸಿಲೇ ಹೆಚ್ಚು ಹೊತ್ತು ಚುಚ್ಚಿತು. ಲೇಖಕ ಅದನ್ನು ಕತ್ತಲಿನ ಮೊದಲು ಇಟ್ಟಿದ್ದರೆ ಕಥೆ ಸೇಡಿನದಾಗುತ್ತಿತ್ತು. ನಂತರ ಇಟ್ಟದ್ದರಿಂದ ಇಬ್ಬರಲ್ಲಿ ಯಾರೂ ಸುಳ್ಳಾಗದೆ ಉಳಿದರು. ಒಂದೇ ಕೊರತೆ: ಆ ಕಾಡು ತೀರ ಚಂದ, ಜಾಹೀರಾತಿನ ಕಾಡಿನಂತಿದೆ. ಅಲ್ಲೊಂದು ಒಣಗಿದ ಟೊಂಗೆ, ಒಂದು ಇರುವೆ ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಆಡಬೇಕೆನ್ನುವವರಿಗೆ: ಹತ್ತು ತಾಸಿನ ಆಟ, ನನಗೆ ಹದಿನಾರು ರಾತ್ರಿ ಹಿಡಿಯಿತು. ಮಾತುಗಳೆಲ್ಲ ಇಂಗ್ಲಿಷಿನಲ್ಲಿವೆ, ಕೆಳಗೆ ಅಕ್ಷರಗಳನ್ನೂ ಹಾಕಿಕೊಳ್ಳಬಹುದು, ಬಿ.ಎ. ಇಂಗ್ಲಿಷು ಸಾಕು. ಚಿಕ್ಕ ಮಕ್ಕಳ ಕೈಗೆ ಕೊಡುವಂಥದಲ್ಲ. ಕಾಲೇಜು ಓದುವ ಮಕ್ಕಳು ಆಡುತ್ತಿದ್ದರೆ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂಡ್ರಿ, ಕಾರ್ಲ್‌ನ ಕೋಣೆ ಬಂದಾಗ ಏನು ಮಾಡುತ್ತಾರೆ ನೋಡ್ರಿ, ಕೇಳ್ರಿ.